ಅರಸನ ಶಾಸನ, ರೂವಾರಿಯ ಸಹಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಯಲ್ಲಿ ಯಾವ ಹಳೆಯ ಗುಡಿಯ ಮುಂದೆ ನಿಂತು 'ಇದನ್ನು ಕಟ್ಟಿದವರು ಯಾರು?' ಎಂದು ಕೇಳಿದರೂ ಎರಡು ಉತ್ತರಗಳಲ್ಲಿ ಒಂದು ಸಿದ್ಧವಾಗಿರುತ್ತದೆ. ಓದಿದವರಾದರೆ ಅರಸನ ಹೆಸರನ್ನು ಹೇಳುತ್ತಾರೆ, ತೈಲಪನೆಂದೋ ವಿಕ್ರಮಾದಿತ್ಯನೆಂದೋ. ಓದದವರಾದರೆ ಜಕಣಾಚಾರಿ ಎನ್ನುತ್ತಾರೆ. ಮೊದಲನೆಯದು ಅಧಿಕಾರದ ಉತ್ತರ, ಎರಡನೆಯದು ಕಥೆಯ ಉತ್ತರ. ಎರಡರಲ್ಲಿಯೂ ಬಿಸಿಲಿನಲ್ಲಿ ಕುಳಿತು ಉಳಿ ಹಿಡಿದ ಮನುಷ್ಯನಿಗೆ ಸ್ಥಳವಿಲ್ಲ. ಆ ಮನುಷ್ಯನನ್ನು ಹುಡುಕುವುದು ಹೇಗೆ, ಸರ್ವಾಧಿಕಾರದ ನೆರಳಿನಲ್ಲಿ ಬದುಕಿದ ಶಿಲ್ಪಿಯೊಬ್ಬನ ವೃತ್ತಿಜೀವನವನ್ನು ಸಂಶೋಧಕನಾದವನು ಯಾವ ಆಧಾರಗಳಿಂದ ಕಟ್ಟಿಕೊಳ್ಳಬೇಕು, ಕಟ್ಟಿಕೊಂಡ ಮೇಲೆ ಅವನನ್ನು ಹೇಗೆ ತೂಗಬೇಕು ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ. ಕನ್ನಡ ಪಾಠ ಹೇಳುವವನಿಗೆ ಕಲ್ಲಿನ ಗೊಡವೆ ಏಕೆ ಎಂದು ಕೇಳಬಹುದು. ಹಳಗನ್ನಡವನ್ನು ಕಲಿಸುವವನು ಶಾಸನಗಳ ಬಳಿಗೆ ಹೋಗಲೇಬೇಕು. ಶಾಸನದ ಬಳಿಗೆ ಹೋದವನ ಕಣ್ಣು ಪಕ್ಕದ ಕಂಬದ ಮೇಲೆ ಬೀಳದೆ ಇರುವುದಿಲ್ಲ.

ಮೊದಲು ಜಕಣಾಚಾರಿಯ ಮಾತನ್ನು ಮುಗಿಸಿಬಿಡೋಣ. ಕೈದಾಳದಲ್ಲಿ ಹುಟ್ಟಿದ ಶಿಲ್ಪಿ, ಮನೆ ಬಿಟ್ಟು ಹೋದದ್ದು, ಬೇಲೂರಿನಲ್ಲಿ ಮಗ ಡಂಕಣನು ತಂದೆಯೆಂದು ಅರಿಯದೆ ಅವನು ಕಡೆದ ವಿಗ್ರಹದಲ್ಲಿ ದೋಷವಿದೆಯೆಂದದ್ದು, ಕಲ್ಲಿನೊಳಗಿಂದ ಕಪ್ಪೆ ಹೊರಬಿದ್ದದ್ದು, ತಂದೆ ತನ್ನ ಬಲಗೈಯನ್ನು ಕತ್ತರಿಸಿಕೊಂಡದ್ದು: ಈ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. ಕಥೆಯಾಗಿ ಅದು ದೊಡ್ಡದು. ಮಾತಿನಿಂದಲ್ಲದೆ ಕೆಲಸದಿಂದಲೇ ಗುರುತಿಸಲ್ಪಡಬೇಕೆಂಬ ಕುಶಲಕರ್ಮಿಯ ಹಟ ಅದರಲ್ಲಿದೆ. ಆದರೆ ಬೇಲೂರಿನ ಮದನಿಕೆಗಳ ಕೆಳಗೆ ಕೊರೆದಿರುವ ಸಹಿಗಳಲ್ಲಿ ಆ ಹೆಸರು ಸಿಕ್ಕಿಲ್ಲ. ಸಿಕ್ಕಿರುವ ಹೆಸರುಗಳು ಬೇರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಅಲ್ಲಿದ್ದಾರೆ. ತಮ್ಮನ್ನು ಅವರು 'ರೂವಾರಿ' ಎಂದು ಕರೆದುಕೊಂಡರು. ರೂಪವನ್ನು ಮಾಡುವವನು ಎಂದರ್ಥ. ಎದುರಾಳಿ ರೂವಾರಿಗಳನ್ನು ಬೆಟ್ಟವೆಂದೂ ತಮ್ಮನ್ನು ಸಿಡಿಲೆಂದೂ ಬಣ್ಣಿಸಿಕೊಳ್ಳುವ ಧಾಟಿಯ ಬಿರುದುಗಳು ಅವರಿಗಿದ್ದುವು. ನಮ್ಮ ಕವಿಗಳು ಆಸ್ಥಾನದಲ್ಲಿ ಹಾಕಿದ ಪಂಥಕ್ಕಿಂತ ಇವರದು ಕಡಮೆಯದೇನಲ್ಲ.

ಈ ಸಹಿಗಳನ್ನು ಒಂದೊಂದಾಗಿ ಓದಿ ಪಟ್ಟಿಮಾಡಿದ ಪುಣ್ಯ ಮೈಸೂರು ಪ್ರಾಚ್ಯ ಸಂಶೋಧನ ಇಲಾಖೆಯ ಆರ್. ನರಸಿಂಹಾಚಾರ್ಯರದು. 'ಕರ್ಣಾಟಕ ಕವಿಚರಿತೆ'ಯ ಕರ್ತೃವೆಂದು ನಾವು ಅವರನ್ನು ನೆನೆಯುತ್ತೇವೆ. ಸೋಮನಾಥಪುರದ ಗುಡಿಯ ಮೇಲೆ 1917ರಲ್ಲಿ, ಬೇಲೂರಿನ ಗುಡಿಯ ಮೇಲೆ 1919ರಲ್ಲಿ ಅವರು ಬರೆದ ಪುಸ್ತಕಗಳನ್ನು ಸಾಹಿತ್ಯದವರು ಅಷ್ಟಾಗಿ ತೆರೆಯುವುದಿಲ್ಲ. ಕವಿಗಳ ಚರಿತ್ರೆಯನ್ನು ಬರೆದವರೇ ರೂವಾರಿಗಳ ಹೆಸರನ್ನೂ ಹೆಕ್ಕಿದರೆಂಬುದು ನನಗೆ ಬಹಳ ಸಮಾಧಾನದ ಸಂಗತಿ. ಇಬ್ಬರೂ ಒಂದೇ ಅರಸನ ಅನ್ನವನ್ನುಂಡವರಲ್ಲವೆ!

ಒಂದು ಉದಾಹರಣೆಯನ್ನು ತೆಗೆದುಕೊಳ್ಳಿ. ಮಲ್ಲಿತಮ್ಮನೆಂಬ ರೂವಾರಿಯ ಸಹಿ 1196ರ ಅಮೃತಾಪುರದಲ್ಲಿದೆ. 1246ರ ನುಗ್ಗೇಹಳ್ಳಿಯಲ್ಲಿದೆ, ಅಲ್ಲಿ ಗುಡಿಯ ಉತ್ತರದ ಗೋಡೆ ಇವನದು, ದಕ್ಷಿಣದ ಗೋಡೆ ಬೈಚೋಜನೆಂಬ ಇನ್ನೊಬ್ಬನದು. ಆಮೇಲೆ 1258ರ ಸೋಮನಾಥಪುರದಲ್ಲಿ ಸುಮಾರು ನಲವತ್ತು ಮೂರ್ತಿಗಳ ಕೆಳಗೆ ಅದೇ ಹೆಸರು. ಅರವತ್ತಕ್ಕೂ ಮೀರಿದ ವರ್ಷಗಳು. ಇಮ್ಮಡಿ ಬಲ್ಲಾಳನಿಂದ ಮುಮ್ಮಡಿ ನರಸಿಂಹನವರೆಗೆ ನಾಲ್ವರು ಅರಸರು. ಇವನು ಒಬ್ಬನೇ ಮಲ್ಲಿತಮ್ಮನೋ, ಅಜ್ಜನ ಹೆಸರನ್ನು ಹೊತ್ತ ಮೊಮ್ಮಗನೂ ಇದರಲ್ಲಿ ಸೇರಿದ್ದಾನೆಯೋ? ಸಂಶೋಧಕನ ಮೊದಲ ಕೆಲಸ ಇಂಥ ಪ್ರಶ್ನೆಯನ್ನು ಕೇಳುವುದು. ಹೆಸರು ಸಿಕ್ಕಿದೊಡನೆಯೇ ಮನುಷ್ಯ ಸಿಕ್ಕಿದನೆಂದು ತಿಳಿಯಬಾರದು.

ಹೊಯ್ಸಳರ ನಾಡಿನಲ್ಲಿ ಇಷ್ಟಾದರೂ ಉಂಟು. ನಮ್ಮ ಕಲ್ಯಾಣ ಚಾಲುಕ್ಯರ ಸೀಮೆಯಲ್ಲಿ ರೂವಾರಿ ಇನ್ನೂ ಹೆಚ್ಚು ಮೌನಿ. ಹರಪನಹಳ್ಳಿಯ ಬಳಿಯ ಬಾಗಳಿಯ ಕಲ್ಲೇಶ್ವರ ಗುಡಿಯನ್ನು ನೋಡಿ. 987ರ ಶಾಸನ ದುಗ್ಗಿಮಯ್ಯನ ಹೆಸರನ್ನು ಹೇಳುತ್ತದೆ. ಆಗ ಆಳುತ್ತಿದ್ದವನು ರಾಷ್ಟ್ರಕೂಟರನ್ನು ಮುಗಿಸಿ ಹೊಸ ಚಾಲುಕ್ಯ ರಾಜ್ಯವನ್ನು ಕಟ್ಟಿದ ತೈಲಪ. ಗುಡಿಯೊಳಗೆ ಹೋದರೆ ಒಂದರಂತೆ ಒಂದಿಲ್ಲದ ಐವತ್ತರಷ್ಟು ಕಂಬಗಳ ದೊಡ್ಡ ಮಂಟಪ. ಊರಿನಲ್ಲಿ ಮೂವತ್ತಕ್ಕೂ ಹೆಚ್ಚು ಶಾಸನಗಳಿವೆ. ದತ್ತಿ ಕೊಟ್ಟವರಿದ್ದಾರೆ, ದತ್ತಿಯನ್ನು ಕಾಯಬೇಕಾದ ಮಹಾಜನರಿದ್ದಾರೆ, ಭೂಮಿಯ ಎಲ್ಲೆಯಿದೆ, ಅಳಿದವರಿಗೆ ಶಾಪವಿದೆ. ಹಿರೇಹಡಗಲಿಯ ಕಲ್ಲೇಶ್ವರ ಗುಡಿಯ 1057ರ ಶಾಸನದಲ್ಲಿ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸನ ಹೆಸರಿದೆ. (ಇದೇ ಹಿರೇಹಡಗಲಿಯಲ್ಲಿ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಸಿಕ್ಕವು, ನಮ್ಮ ಹಳ್ಳಿಗಳನ್ನು ಹಳ್ಳಿಗಳೆಂದು ಕಡೆಗಣಿಸುವವರು ಇದನ್ನು ನೆನಪಿಡಬೇಕು.) ಅಂಬಳಿಯಲ್ಲಿ 1083ರ ಶಾಸನ, ಆರನೆಯ ವಿಕ್ರಮಾದಿತ್ಯನ ಕಾಲದ್ದು. ಎಲ್ಲೆಲ್ಲಿಯೂ ಮಾಡಿಸಿದವನು ಸ್ಪಷ್ಟ, ಮಾಡಿದವನು ಅಸ್ಪಷ್ಟ. ಕನ್ನಡದ ಒಂದು ಪ್ರತ್ಯಯದಲ್ಲಿ ಈ ಇಡೀ ಸಮಸ್ಯೆ ಅಡಗಿದೆ. 'ಮಾಡಿದ', 'ಮಾಡಿಸಿದ': ಆ ಒಂದು 'ಇಸು' ಅರಸನದು.

ಈ ಭಾಗದ ಸಂಶೋಧನೆಯ ಕಡತಗಳೂ ಚದುರಿಹೋಗಿವೆ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದುದರಿಂದ ನರಸಿಂಹಾಚಾರ್ಯರ ಕಣ್ಣು ಇತ್ತ ಬೀಳಲಿಲ್ಲ. ಅಲೆಗ್ಸಾಂಡರ್ ರೀ ಎಂಬಾತ 1896ರಲ್ಲಿ ಮದರಾಸು ಸರ್ಕಾರಕ್ಕಾಗಿ ಈ ಗುಡಿಗಳ ನಕ್ಷೆಗಳನ್ನೂ ಚಿತ್ರಗಳನ್ನೂ ಪುಸ್ತಕವಾಗಿ ತಂದ. ಶಾಸನಗಳ ಪಾಠ 1939ರಲ್ಲಿ 'ದಕ್ಷಿಣ ಭಾರತ ಶಾಸನಗಳು' ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಬಂತು. ಆಮೇಲೆ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದುವು. ಗುಡಿ ನಿಂತಲ್ಲಿಯೇ ನಿಂತಿದೆ. ಅದರ ಕಾಗದಗಳು ಮಾತ್ರ ಊರಿಂದೂರಿಗೆ ತಿರುಗುತ್ತಿವೆ.

ಅಧಿಕಾರದ ನೆನಪು ಎಷ್ಟು ಗಟ್ಟಿ ಎಂಬುದಕ್ಕೆ ಉಜ್ಜಿನಿಯನ್ನು ನೋಡಬೇಕು. 'ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು' ಎಂಬುದು ನಮ್ಮ ಕಡೆಯ ಗಾದೆ. ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ಅಂಥದು. ಅಲ್ಲಿ ಪ್ರತಿವರ್ಷ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ಆ ಸಂದರ್ಭದಲ್ಲಿ ಜರಿಮಲೆಯ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವುದು ಸಂಪ್ರದಾಯ. ಪಾಳೆಯಪಟ್ಟು ಅಳಿದು ಎಷ್ಟೋ ಕಾಲವಾಯಿತು, ಅದರ ಎಣ್ಣೆಯ ಹಕ್ಕು ಅಳಿಯಲಿಲ್ಲ. ಒಳಗಿನ ಭುವನೇಶ್ವರಿಯನ್ನು ಕಡೆದವನ ಪಾಲಿಗೆ ಆಚರಣೆಯಲ್ಲಿ ಒಂದು ಹನಿಯೂ ಇಲ್ಲ.

ಹಾಗಾದರೆ ಶಾಸನಗಳು ರೂವಾರಿಯನ್ನು ಎಂದೂ ಕಾಣಲಿಲ್ಲವೆ? ಕಂಡಿವೆ, ಅಪರೂಪಕ್ಕೆ. ಐಹೊಳೆಯಲ್ಲಿ ನರಸೊಬ್ಬನೆಂಬವನನ್ನು ಕುರಿತು ಇವನಂಥ ಜಾಣ ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಆಗುವುದಿಲ್ಲ ಎಂಬ ಅರ್ಥದ ಮಾತಿದೆ. ಪಟ್ಟದಕಲ್ಲಿನಲ್ಲಿ, ಕಂಚಿಯನ್ನು ಮೂರು ಬಾರಿ ಗೆದ್ದ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯ ಗುಡಿಯನ್ನು ಕಟ್ಟಿದ ಗುಂಡನೆಂಬ ಆಚಾರಿಗೆ ಅರಸನಿಂದ ಬಿರುದು, ಮರ್ಯಾದೆಗಳು ಸಂದುವು. ಅಲ್ಲಿಯೇ ಒಂದು ಕುತೂಹಲದ ಮಾತಿದೆ. ಫ್ಲೀಟರು ಓದಿದ ಪ್ರಕಾರ, ಆ ನಾಡಿನ ಕುಶಲಕರ್ಮಿಗಳ ಮೇಲೆ ಹಾಕಿದ್ದ ಬಹಿಷ್ಕಾರವನ್ನು ತೆಗೆದುಹಾಕಿದ ಸಂಗತಿಯನ್ನು ಶಾಸನ ಹೇಳುತ್ತದೆ. ಆ ಒಂದು ವಾಕ್ಯದಿಂದ ಪಟ್ಟದಕಲ್ಲಿನ ಬೆಳಕೇ ಬದಲಾಗುತ್ತದೆ. ಲೋಕವೇ ಬೆರಗಾಗುವ ಗುಡಿಯನ್ನು ಕಟ್ಟಿದವರು ಯಾವುದೋ ಕಾರಣಕ್ಕೆ ಜಾತಿಯಿಂದ ಹೊರಗಾಗಿ, ಅರಸನ ಮಾತಿನಿಂದ ಒಳಗೆ ಬಂದವರು. ಮರ್ಯಾದೆಯನ್ನು ಕೊಡುವ ಕೈಗೆ ಕಸಿಯುವ ಶಕ್ತಿಯೂ ಇರುತ್ತದೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಕಟುವಾದದ್ದು. ಹನ್ನೊಂದನೆಯ ಶತಮಾನದ ನಡುವೆ ಚೋಳ ರಾಜಾಧಿರಾಜನು ಕಲ್ಯಾಣದ ಮೇಲೆ ದಾಳಿಮಾಡಿ ಅಲ್ಲಿಂದ ಒಂದು ದ್ವಾರಪಾಲಕ ವಿಗ್ರಹವನ್ನು ಹೊತ್ತೊಯ್ದ. ಅದು ದಾರಾಸುರದಲ್ಲಿದ್ದು ಆಮೇಲೆ ತಂಜಾವೂರಿನ ಸಂಗ್ರಹಾಲಯ ಸೇರಿತು. ಅದರ ಪೀಠದ ಮೇಲೆ ತಮಿಳಿನಲ್ಲಿ ಬರೆದಿದೆ: ಕಲ್ಯಾಣಪುರವನ್ನು ಸುಟ್ಟು ವಿಜಯರಾಜೇಂದ್ರದೇವರು ತಂದ ದ್ವಾರಪಾಲಕ ಇದು ಎಂದು. ಕನ್ನಡ ನಾಡಿನ ಯಾವನೋ ರೂವಾರಿ ತಿಂಗಳುಗಟ್ಟಲೆ ಕುಳಿತು ಕಡೆದ ಮೂರ್ತಿಯ ಮೇಲೆ ಸಹಿ ಮಾಡಿದವನು ಊರನ್ನು ಸುಟ್ಟವನು!

ಹೆಸರಿಲ್ಲದ ಕಡೆ ಸಂಶೋಧಕನು ಕೈಯನ್ನು ಓದಬೇಕಾಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ನಮ್ಮ ಕಡೆಯ ಗುಡಿಗಳಿಗೆ ಬಳಪದ ಕಲ್ಲು ಬಂತು. ಬಾದಾಮಿ, ಐಹೊಳೆಗಳ ಮರಳುಗಲ್ಲಿನಂತಲ್ಲ ಇದು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಡುಸು. ಆದುದರಿಂದಲೇ ತಿರುಗಣೆಯಲ್ಲಿ ಕಡೆದಂಥ ಕನ್ನಡಿಹೊಳಪಿನ ಕಂಬಗಳು, ಬಳ್ಳಿಯ ಒಂದೊಂದು ಕುಡಿಯೂ ಬೇರೆಯಾಗಿ ನಿಲ್ಲುವ ಬಾಗಿಲುವಾಡಗಳು ಸಾಧ್ಯವಾದುವು. ಮೆದುಗಲ್ಲು ಕೈಯ ವೈಲಕ್ಷಣ್ಯವನ್ನು ಮರೆಮಾಚುವುದಿಲ್ಲ. ಒಮ್ಮೆ ವಿದ್ಯಾರ್ಥಿಗಳನ್ನು ಬಾಗಳಿಗೆ ಕರೆದೊಯ್ದಿದ್ದಾಗ ನಮ್ಮ ಜೊತೆ ಒಬ್ಬ ವೃದ್ಧ ಕಲ್ಲುಕುಟಿಗರಿದ್ದರು. ರುಬ್ಬುಗುಂಡು, ಒರಳುಗಳನ್ನು ಮಾಡಿ ಬದುಕಿದವರು. ಕಂಬವೊಂದರ ಬುಡವನ್ನು ಬೆರಳಿನಿಂದ ಸವರಿ, "ನೋಡ್ರಿ ಮೇಷ್ಟ್ರೇ, ಇಲ್ಲಿ ಚಾಣ ಓಡಿದ್ದು ಒಂದು ನಮೂನಿ, ಅಲ್ಲಿ ಓಡಿದ್ದು ಒಂದು ನಮೂನಿ. ಇದು ಒಬ್ಬನ ಕೈ ಅಲ್ಲ. ಅವಸರದಾಗ ಮಾಡ್ಯಾನ ಇವನು, ಅವನು ನಿದಾನಸ್ಥ" ಎಂದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಕಂಬದ ಬಗ್ಗೆ ಅಳತೆಗಳಿದ್ದುವು, ತಾರೀಖುಗಳಿದ್ದುವು. ಅವಸರದವನು, ನಿಧಾನಸ್ಥ ಎಂಬ ಇಬ್ಬರು ಮನುಷ್ಯರು ಮೊದಲ ಬಾರಿಗೆ ಕಂಡದ್ದು ಆಗಲೇ.

ಇಲ್ಲಿಯವರೆಗೆ ಹೇಳಿದ್ದು ಅರಸರ ಕಾಲದ ಮಾತು. ಅರಸೊತ್ತಿಗೆಯನ್ನು ಸರ್ವಾಧಿಕಾರವೆನ್ನಬಹುದೆ ಎಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪ ನ್ಯಾಯವಾದದ್ದು. ಚಾಲುಕ್ಯ ಅರಸನ ಕೈ ಉದ್ದವಾಗಿತ್ತು, ಆದರೆ ಎಲ್ಲೆಡೆಯೂ ಇರಲಿಲ್ಲ. ಅಗ್ರಹಾರದ ಮಹಾಜನರು, ವರ್ತಕರ ಸಂಘಗಳು, ಮಠಗಳು, ದಂಡನಾಯಕರ ಹೆಂಡಿರು, ಹೀಗೆ ಕೆಲಸ ಕೊಡುವವರು ಹಲವರು. ಎಲ್ಲಕ್ಕಿಂತ ಮಿಗಿಲಾಗಿ ರೂವಾರಿ ಎದ್ದು ಹೋಗಬಹುದಾಗಿತ್ತು. ಬಳ್ಳಿಗಾವೆಯ ದಾಸೋಜನು ಚಾಲುಕ್ಯರ ನಾಡಿನವನು. ಅವನು ಮಗನೊಡನೆ ಬೇಲೂರಿಗೆ ಹೋಗಿ, ಚಾಲುಕ್ಯರ ಅಂಕೆಯನ್ನು ಮೀರಲು ಹೊರಟಿದ್ದ ವಿಷ್ಣುವರ್ಧನನ ಗುಡಿಯಲ್ಲಿ ಉಳಿ ಹಿಡಿದ. ಉಳಿಯ ಜೊತೆಗೆ ರೂಪಗಳೂ ಹೋದುವು. ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯಲ್ಲಿ ಕಂಬದ ಮೇಲ್ತುದಿಯಿಂದ ಮುಂದಕ್ಕೆ ಬಾಗಿದ ಮದನಿಕೆಯನ್ನು ಕಂಡವರು, ಬೇಲೂರಿನ ಮದನಿಕೆಯರ ತವರುಮನೆ ಎಲ್ಲಿಯದೆಂದು ಮತ್ತೆ ಕೇಳುವುದಿಲ್ಲ.

ಇಪ್ಪತ್ತನೆಯ ಶತಮಾನದ ಸರ್ವಾಧಿಕಾರ ಈ ಎದ್ದುಹೋಗುವ ದಾರಿಯನ್ನೇ ಮುಚ್ಚಿತು. ಜರ್ಮನಿಯಲ್ಲಿ 1933ರಲ್ಲಿ ಕಲಾವಿದರೆಲ್ಲರನ್ನೂ ಒಂದೇ ಸರ್ಕಾರಿ ಮಂಡಲಿಯ ಅಡಿ ತಂದರು. ಅದರ ಸದಸ್ಯತ್ವವಿಲ್ಲದವನು ಕಲೆಯನ್ನು ವೃತ್ತಿಯಾಗಿ ನಡೆಸುವಂತಿಲ್ಲ. ಸೋವಿಯತ್ ದೇಶದಲ್ಲಿ ಕಲಾವಿದರ ಸಂಘವೇ ಕೆಲಸ, ಕಾರ್ಯಾಗಾರ, ಪ್ರದರ್ಶನ ಎಲ್ಲದರ ಬೀಗದ ಕೈ. ಕವಿಯಾದರೆ ಬರೆದದ್ದನ್ನು ದಿಂಬಿನೊಳಗೆ ಹುದುಗಿಸಬಹುದು, ಗೆಳೆಯನ ಬಾಯಲ್ಲಿ ಕಾಪಾಡಬಹುದು. ಎರಡಾಳು ಎತ್ತರದ ಕಲ್ಲನ್ನು ಎಲ್ಲಿ ಬಚ್ಚಿಡುವುದು? ಕಲ್ಲಿಗೆ ಹಣ ಬೇಕು, ಕ್ರೇನು ಬೇಕು, ನಿಲ್ಲಿಸಲು ಚೌಕ ಬೇಕು. ಕಲೆಗಳಲ್ಲೆಲ್ಲ ಅಧಿಕಾರಕ್ಕೆ ಅತ್ಯಂತ ಹತ್ತಿರದ್ದು ಶಿಲ್ಪ. ಅಧಿಕಾರದಿಂದ ಅತ್ಯಂತ ಬೇಗ ಸುಟ್ಟುಕೊಳ್ಳುವುದೂ ಅದೇ.

ಜರ್ಮನಿಯ ಅರ್ನ್‌ಸ್ಟ್ ಬಾರ್ಲಾಖ್‌ನನ್ನು ನೋಡೋಣ. ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ ಅವನು ಮಾಡಿದ ಸ್ಮಾರಕಗಳಲ್ಲಿ ವಿಜಯವಿಲ್ಲ, ದುಃಖವಿದೆ. ಗ್ಯೂಸ್ಟ್ರೋ ಎಂಬ ಊರಿನ ಚರ್ಚಿನಲ್ಲಿ 1927ರಲ್ಲಿ ಅವನು ತೂಗುಹಾಕಿದ ಕಂಚಿನ ದೇವದೂತ ಕಣ್ಣು ಮುಚ್ಚಿ, ಕೈಗಳನ್ನು ಎದೆಗೊತ್ತಿ ಗಾಳಿಯಲ್ಲಿ ಮಲಗಿದಂತಿದ್ದಾನೆ. ಅದರ ಮುಖದಲ್ಲಿ, ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಕಲಾವಿದೆ ಕ್ಯಾಥೆ ಕೋಲ್ವಿಟ್ಸಳ ಹೋಲಿಕೆಯಿದೆ. ಹಿಟ್ಲರನ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. 1934ರಲ್ಲಿ ಮಾಗ್ಡೆಬುರ್ಗಿನ ಸ್ಮಾರಕವನ್ನು ತೆಗೆಸಿದರು, 1937ರಲ್ಲಿ ಗ್ಯೂಸ್ಟ್ರೋದ ದೇವದೂತನನ್ನು ಇಳಿಸಿದರು. ಆಮೇಲೆ ಅದನ್ನು ಕರಗಿಸಿ ಯುದ್ಧಕ್ಕೆ ಬಳಸಿದರು. ಅವನ ನೂರಾರು ಕೃತಿಗಳನ್ನು ಸಂಗ್ರಹಾಲಯಗಳಿಂದ ಹೊರಹಾಕಿದರು. 1938ರ ಅಕ್ಟೋಬರಿನಲ್ಲಿ ಬಾರ್ಲಾಖ್ ತೀರಿಕೊಂಡ. ಗೆಳೆಯರು ಅಚ್ಚನ್ನು ಉಳಿಸಿಕೊಂಡು ಗುಟ್ಟಾಗಿ ಎರಡನೆಯ ಎರಕ ಹೊಯ್ಯಿಸಿ ಬಚ್ಚಿಟ್ಟರು. ಅದು 1952ರಲ್ಲಿ ಕಲೋನಿನ ಚರ್ಚೊಂದರಲ್ಲಿ ತೂಗಿತು. ಅದರಿಂದ ಹೊಯ್ದ ಇನ್ನೊಂದು 1953ರಲ್ಲಿ ಗ್ಯೂಸ್ಟ್ರೋಗೆ ಮರಳಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಬಾರ್ಲಾಖ್‌ನನ್ನು ಹುತಾತ್ಮನೆಂದು ಕರೆದು ಸುಮ್ಮನಾಗಬಹುದಾಗಿತ್ತು. ಆದರೆ 1934ರ ಆಗಸ್ಟಿನಲ್ಲಿ ಹಿಟ್ಲರನನ್ನು ಬೆಂಬಲಿಸಿ ಕಲಾವಿದರು, ಬರಹಗಾರರು ಹೊರಡಿಸಿದ ಮನವಿಯೊಂದರಲ್ಲಿ ಅವನ ಸಹಿಯೂ ಇದೆ. ಸಂಶೋಧಕನಿಗೆ ಈ ಕಾಗದ ಬೇಡವೆನಿಸುತ್ತದೆ. ಬೇಡವೆನಿಸುವ ಕಾಗದವನ್ನೇ ಅವನು ಮೊದಲು ಮೇಜಿನ ಮೇಲೆ ಇಡಬೇಕು. ಇಟ್ಟ ಮೇಲೆ ಅದರ ಪಕ್ಕದಲ್ಲಿ ತಾರೀಖನ್ನೂ ಇಡಬೇಕು: ಮಾಗ್ಡೆಬುರ್ಗಿನ ಸ್ಮಾರಕವನ್ನು ತೆಗೆಸಿದ ವರ್ಷವೇ ಅದು. ಹೆದರಿದವನ ಸಹಿಗೂ ಒಪ್ಪಿದವನ ಸಹಿಗೂ ಮಸಿ ಒಂದೇ ಬಗೆಯದು. ಆ ವ್ಯತ್ಯಾಸವನ್ನು ನಾವು ಮುಂದಿನ ನಾಲ್ಕು ವರ್ಷಗಳ ಕೆಲಸದಲ್ಲಿ ಹುಡುಕಬೇಕಲ್ಲದೆ ಆ ಒಂದು ಹಾಳೆಯಲ್ಲಿ ಅಲ್ಲ. ಬಾರ್ಲಾಖ್‌ನ ಶಿಲ್ಪ ಆಮೇಲೆಯೂ ಬದಲಾಗಲಿಲ್ಲ. ನನಗೆ ಅದೇ ಸಾಕಾದ ಸಾಕ್ಷ್ಯ.

ಆರ್ನೋ ಬ್ರೆಕರನ ವಿಷಯದಲ್ಲಿ ಅಷ್ಟು ಯೋಚಿಸಬೇಕಾಗಿಲ್ಲ. ಹಿಟ್ಲರನ ಹೊಸ ಕಛೇರಿಯ ಅಂಗಳದಲ್ಲಿ ನಿಂತ 'ಪಕ್ಷ', 'ಸೈನ್ಯ' ಎಂಬ ಎರಡು ಬತ್ತಲೆ ಭೀಮಕಾಯಗಳು ಇವನವು. ಸೋತು ಬಿದ್ದಿದ್ದ ಪ್ಯಾರಿಸಿನಲ್ಲಿ 1942ರಲ್ಲಿ ಇವನ ಪ್ರದರ್ಶನ ವೈಭವದಿಂದ ನಡೆಯಿತು. 1948ರಲ್ಲಿ ವಿಚಾರಣೆ ನಡೆಸಿದವರು ಇವನನ್ನು ಬರಿಯ 'ಜೊತೆಗೆ ನಡೆದವನು' ಎಂದು ಕರೆದು ನೂರು ಮಾರ್ಕು ದಂಡ ಹಾಕಿದರು. 1991ರವರೆಗೆ ಬದುಕಿ ಶ್ರೀಮಂತರ ತಲೆಗಳನ್ನು ಕಡೆಯುತ್ತಲೇ ಇದ್ದ. ಕೈಯ ಕಸುಬು ದೊಡ್ಡದು, ನಿಜ. ಆದರೆ ಅವನ ದೇಹಗಳಲ್ಲಿ ಯಾರೂ ಉಸಿರಾಡುತ್ತಿಲ್ಲ.

ನನ್ನನ್ನು ಹೆಚ್ಚು ಕಲಕಿದವನು ಪ್ರಾಗ್ ನಗರದ ಓಟಕಾರ್ ಶ್ವೆತ್ಸ್. 1924ರಷ್ಟು ಹಿಂದೆಯೇ ವೇಗದಲ್ಲಿ ಬಾಗಿದ ಮೋಟಾರ್ ಸೈಕಲ್ ಸವಾರನೊಬ್ಬನನ್ನು ಕಡೆದು ಹೊಸ ಕಾಲದ ಶಿಲ್ಪಿಯೆನಿಸಿದ್ದವನು. ಜೆಕೊಸ್ಲೊವಾಕಿಯಾದ ಮೊದಲ ಅಧ್ಯಕ್ಷ ಮಸಾರಿಕರ ಪ್ರತಿಮೆಗಳನ್ನೂ ಮಾಡಿದ್ದ. 1949ರಲ್ಲಿ ಸ್ಟಾಲಿನ್ನನ ಮಹಾಸ್ಮಾರಕಕ್ಕೆ ಸ್ಪರ್ಧೆ ನಡೆಯಿತು. ದೇಶದ ಐವತ್ತಕ್ಕೂ ಹೆಚ್ಚು ಶಿಲ್ಪಿಗಳು ಪಾಲ್ಗೊಂಡರು. ಗೆದ್ದವನು ಶ್ವೆತ್ಸ್. ನದಿಯ ಮೇಲಿನ ಲೆಟ್ನಾ ದಿಣ್ಣೆಯ ಮೇಲೆ ಹದಿನೈದು ಮೀಟರಿಗೂ ಎತ್ತರದ ಗ್ರಾನೈಟ್ ಗುಂಪು ಎದ್ದಿತು. ಮುಂದೆ ಸ್ಟಾಲಿನ್, ಹಿಂದೆ ಎರಡು ಸಾಲಾಗಿ ಕಾರ್ಮಿಕರು, ರೈತಸ್ತ್ರೀಯರು, ಸೈನಿಕರು. ಊರಿನವರು ಅದಕ್ಕೆ 'ಮಾಂಸದಂಗಡಿಯ ಸಾಲು' ಎಂದು ಹೆಸರಿಟ್ಟರು. ಆಗ ಮಾಂಸ ಸಿಗುತ್ತಿದ್ದುದೂ ಹಾಗೆ ನಿಂತರೆಯೇ. ಅನಾವರಣ 1955ರ ಮೇ 1ರಂದು. ಅದಕ್ಕೆ ಕೆಲವೇ ವಾರಗಳ ಮೊದಲು ಶ್ವೆತ್ಸ್ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಅವನ ಹೆಂಡತಿಯೂ ಅದಕ್ಕೆ ಮೊದಲೇ ಹಾಗೆಯೇ ಹೋಗಿದ್ದಳು. ಮರುವರ್ಷವೇ ಕ್ರುಶ್ಚೇವ್ ಸ್ಟಾಲಿನ್ನನ ಪಾಪಗಳ ಪಟ್ಟಿಯನ್ನು ಓದಿದ. 1962ರಲ್ಲಿ ಸಿಡಿಮದ್ದಿಟ್ಟು ಆ ಬೆಟ್ಟದಂಥ ಗುಂಪನ್ನು ಉರುಳಿಸಿದರು. ಏಳು ವರ್ಷ ನಿಂತ ಕಲ್ಲು!

ಶ್ವೆತ್ಸ್‌ನ ಸುತ್ತಲೂ ಆಗಲೇ ಕಥೆಗಳು ಹುಟ್ಟಿವೆ, ನಮ್ಮ ಜಕಣಾಚಾರಿಯ ಸುತ್ತ ಹುಟ್ಟಿದಂತೆಯೇ. ಕೆಲಸದ ಕೊನೆಗೆ ತನ್ನನ್ನೇ ಶಿಕ್ಷಿಸಿಕೊಳ್ಳುವ ಶಿಲ್ಪಿ ಎಂಬ ರೂಪ ಜನರ ಮನಸ್ಸಿಗೆ ಬಹಳ ಬೇಗ ಹತ್ತುತ್ತದೆ. ಅವನ ಸಾವಿಗೆ ಪಶ್ಚಾತ್ತಾಪವೇ ಕಾರಣವೆಂದು ಹೇಳಿಬಿಡುವುದು ಸುಲಭ. ಸಂಶೋಧಕನು ಆ ಸುಲಭವನ್ನು ಒಲ್ಲೆನೆನ್ನಬೇಕು. ಸ್ಪರ್ಧೆಯ ಕಾಗದ ಏನು ಹೇಳುತ್ತದೆ, ನಕ್ಷೆಯನ್ನು ಎಷ್ಟು ಬಾರಿ ತಿದ್ದಿಸಿದರು, ಮನೆಯಲ್ಲಿ ಏನಿತ್ತು, ಕಡೆಯದೆ ಉಳಿದ ಕೆಲಸಗಳಾವುವು: ಇಷ್ಟನ್ನು ಹುಡುಕಿದ ಮೇಲೆಯೂ ಒಬ್ಬ ಮನುಷ್ಯನ ಕೊನೆಯ ರಾತ್ರಿ ನಮಗೆ ಸೇರಿದ್ದಲ್ಲ.

ಈ ಸಾಲಿನಲ್ಲಿ ಅರ್ನ್‌ಸ್ಟ್ ನೆಯಿಜ್ವೆಸ್ತ್ನಿಯ ಕಥೆ ಮಾತ್ರ ಮುಖದ ಮೇಲೆ ಸ್ವಲ್ಪ ನಗು ತರಿಸುವಂಥದು. 1962ರ ಡಿಸೆಂಬರ್ 1ರಂದು ಮಾಸ್ಕೋದ ಪ್ರದರ್ಶನವೊಂದಕ್ಕೆ ಬಂದ ಕ್ರುಶ್ಚೇವ್ ಹೊಸ ಬಗೆಯ ಕೃತಿಗಳನ್ನು ಕಂಡು ಕೂಗಾಡಿದ. ಈ ಶಿಲ್ಪಿ ಎದುರುನಿಂತು ವಾದಿಸಿದ. ಆಮೇಲೆ ಕ್ರುಶ್ಚೇವ್ ಪದವಿ ಕಳೆದುಕೊಂಡು 1971ರಲ್ಲಿ ಸತ್ತಾಗ ಅವನ ಮನೆಯವರು ಸಮಾಧಿಯ ಕಲ್ಲಿಗಾಗಿ ಹೋದದ್ದು ನೆಯಿಜ್ವೆಸ್ತ್ನಿಯ ಬ‍ಳಿಗೆ. ಅವನು ಬಿಳಿಯ ಅಮೃತಶಿಲೆ, ಕರಿಯ ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿಸಿ ನಡುವೆ ಕಂಚಿನ ತಲೆಯನ್ನಿಟ್ಟ. ಆಳಿದವನ ಒಳಿತು, ಕೆಡುಕು ಎರಡನ್ನೂ ಒಂದೇ ಕಲ್ಲಿನಲ್ಲಿ ಹೇಳುವ ಸ್ವಾತಂತ್ರ್ಯ ಶಿಲ್ಪಿಗೆ ಸಿಕ್ಕಿದ್ದು ಅವನು ಸತ್ತ ಮೇಲೆ. ಆ ಕಲ್ಲು ನಿಂತ ಮರುವರ್ಷ, 1976ರಲ್ಲಿ, ಶಿಲ್ಪಿ ದೇಶವನ್ನೇ ಬಿಟ್ಟ. 'ನೆಯಿಜ್ವೆಸ್ತ್ನಿ' ಎಂದರೆ ರಷ್ಯನ್ ಭಾಷೆಯಲ್ಲಿ 'ಅಜ್ಞಾತ' ಎಂದರ್ಥ. ನಮ್ಮ ಬಾಗಳಿಯವನಿಗೂ ಒಪ್ಪುವ ಹೆಸರು.

ನಮ್ಮ ದೇಶದಲ್ಲಿ 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ತುರ್ತುಪರಿಸ್ಥಿತಿ ಇದ್ದಾಗ ನಾನು ಶಾಲೆಯ ಹುಡುಗ. ಆ ಇಪ್ಪತ್ತೊಂದು ತಿಂಗಳು ದೊಡ್ಡ ಶಿಲ್ಪಗಳನ್ನು ನಿಲ್ಲಿಸುವಷ್ಟು ದೀರ್ಘವಾಗಿರಲಿಲ್ಲ. ಗೋಡೆಗಳ ಮೇಲೆ ಇಪ್ಪತ್ತು ಅಂಶಗಳ ಕಾರ್ಯಕ್ರಮ ದಪ್ಪಕ್ಷರಗಳಲ್ಲಿ ಬಂತು, ಹೋಯಿತು. ಆ ಅಕ್ಷರಗಳನ್ನು ಬರೆದ ಪೇಂಟರುಗಳಲ್ಲಿ ಎಂಥ ಚೆಲುವಾದ ಕೈಗಳಿದ್ದುವು! ಅವರ ಹೆಸರನ್ನು ಯಾರು ಕೇಳಿದರು? ಕೂಲಿಗೆ ಬರೆದವರನ್ನು ಘೋಷಣೆಗೆ ಹೊಣೆಮಾಡಬೇಕೆ ಎಂಬ ಪ್ರಶ್ನೆ ಸಣ್ಣದಾಗಿ ಕಂಡರೂ ಬ್ರೆಕರನ ಪ್ರಶ್ನೆಯ ಮರಿಯೇ.

ಸಾಹಿತ್ಯದವರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ಪಂಪನು ಅರಿಕೇಸರಿಯನ್ನು ಅರ್ಜುನನಾಗಿಸಿದ, ರನ್ನನು ತೈಲಪನ ಮಗ ಸತ್ಯಾಶ್ರಯನನ್ನು ಭೀಮನಾಗಿಸಿದ. ಅದೇ ರನ್ನ ದುರ್ಯೋಧನನಿಗೆ ಕೊಟ್ಟ ಘನತೆಯನ್ನು ನಾವು ತರಗತಿಯಲ್ಲಿ ಎಷ್ಟು ಬಾರಿ ಎತ್ತಿ ತೋರಿಸಿಲ್ಲ? ಅರಸನಿಗೆ ಸಲ್ಲಿಸಬೇಕಾದ ಕಪ್ಪವನ್ನು ಸಲ್ಲಿಸಿ ಉಳಿದ ಭೂಮಿಯಲ್ಲಿ ಕವಿ ತನ್ನ ಬೆಳೆಯನ್ನು ಬೆಳೆದುಕೊಂಡ. ರೂವಾರಿಯೂ ಹಾಗೆಯೇ ಮಾಡಿರಬಹುದೆ? ಗರ್ಭಗುಡಿಯ ದೇವರನ್ನು ಶಾಸ್ತ್ರದ ಅಳತೆಯಂತೆ ಕಡೆದವನು, ಯಾರೂ ತಲೆಯೆತ್ತಿ ನೋಡದ ಮೂಲೆಯಲ್ಲಿ ತನ್ನ ಮನಸ್ಸಿಗೆ ಬಂದದ್ದನ್ನು ಕಡೆದಿರಬಹುದೆ? ಇಲ್ಲಿ ಎಚ್ಚರ ಬೇಕು. ಬಾಗಳಿಯ ಹೊರಗೋಡೆಯ ಮಿಥುನಶಿಲ್ಪಗಳನ್ನು ತೋರಿಸಿ ಹಿರಿಯರು ಗುಡಿಗೆ ಸಿಡಿಲು ಬಡಿಯಬಾರದೆಂದು ಹಾಗೆ ಮಾಡಿದ್ದಾರೆ ಎನ್ನುತ್ತಾರೆ. ಈಚಿನ ಕೆಲವು ಯುವಕರು ಅದು ಅರಸರ, ಪುರೋಹಿತರ ವಿರುದ್ಧ ಶಿಲ್ಪಿಯ ಬಂಡಾಯವೆನ್ನುತ್ತಾರೆ. ಎರಡಕ್ಕೂ ಆಧಾರವಿಲ್ಲ, ಸಿಡಿಲಿನ ವಾದದಲ್ಲಿ ಕಡೆಯ ಪಕ್ಷ ವಿನಯವಿದೆ. ಕವಿಯ ಬಳಿ ಮಾತಿದೆ, ಆದುದರಿಂದ ಅವನ ಒಳಮಾತನ್ನು ಮಾತಿನಿಂದಲೇ ಪರೀಕ್ಷಿಸಬಹುದು. ಕಲ್ಲಿನ ಬಾಯಿಗೆ ನಮ್ಮ ಮಾತನ್ನು ತುರುಕಿದರೆ ಅದು ಇಲ್ಲವೆನ್ನುವುದಿಲ್ಲ, ಅಪಾಯವಿರುವುದು ಅಲ್ಲಿಯೇ. ಸತ್ತ ರೂವಾರಿಯನ್ನು ನಮ್ಮ ಪಕ್ಷಕ್ಕೆ ಸೇರಿಸಿಕೊಳ್ಳುವುದೂ, ಕಲ್ಯಾಣದ ದ್ವಾರಪಾಲಕನ ಮೇಲೆ ಚೋಳನು ತನ್ನ ಹೆಸರನ್ನು ಬರೆಸಿದ್ದೂ ಒಂದೇ ಜಾತಿಯ ಕೆಲಸ.

ಕುರುವತ್ತಿಗೆ ಒಂದು ನೆನಪು ಅಂಟಿಕೊಂಡಿದೆ. ಚೋಳರೊಡನೆ ಜೀವಮಾನವಿಡೀ ಹೋರಾಡಿದ ಒಂದನೆಯ ಸೋಮೇಶ್ವರ, ಗುಣವಾಗದ ಜ್ವರದಿಂದ ನವೆದು, 1068ರ ಮಾರ್ಚಿನಲ್ಲಿ ಅಲ್ಲಿಯೇ ತುಂಗಭದ್ರೆಗಿಳಿದು ದೇಹಬಿಟ್ಟ. ಬಿಲ್ಹಣ ಕವಿ ಆ ಪ್ರಸಂಗವನ್ನು ಸಂಸ್ಕೃತದಲ್ಲಿ ವರ್ಣಿಸಿದ್ದಾನೆ. ಚಕ್ರವರ್ತಿಗೆ ಸಾವಿನಲ್ಲಿಯೂ ಕವಿಯಿದ್ದ, ಶಾಸನವಿತ್ತು, ತಾರೀಖಿತ್ತು. ಆ ದಂಡೆಯ ಮೇಲಿನ ಮದನಿಕೆಯ ಬೆರಳುಗಳನ್ನು ಬಿಡಿಸಿದವನಿಗೆ ಇವು ಯಾವುವೂ ಇಲ್ಲ. ಅವನ ಪರವಾಗಿ ಸಾಕ್ಷಿ ಹೇಳುವುದು ಆ ಬೆರಳುಗಳು ಮಾತ್ರ.

ಆ ಸಾಕ್ಷಿಯನ್ನಾದರೂ ನಾವು ಉಳಿಸುತ್ತಿದ್ದೇವೆಯೆ? ಭಕ್ತಿಯಿಂದ ಹಚ್ಚಿದ ಎಣ್ಣೆ, ಜಾತ್ರೆಗೆ ಬಳಿದ ಸುಣ್ಣ, ಈಚೆಗೆ ಮೂರ್ತಿಗಳಿಗೆ ತುಂಬುವ ಎನಾಮೆಲ್ ಬಣ್ಣ, ಕಂಬದ ಬುಡ ಮುಚ್ಚುವಂತೆ ಹಾಸುವ ಟೈಲ್ಸ್. ರೂವಾರಿಗಳು ಹೆಸರನ್ನು ಕೊರೆದುದು ಇಂಥ ಕಡೆಗಳಲ್ಲಿಯೇ: ಪೀಠದ ಅಂಚಿನಲ್ಲಿ, ಕಂಬದ ಬುಡದಲ್ಲಿ, ಮದನಿಕೆಯ ಪಾದದ ಕೆಳಗೆ. ನಾನು ಬಲ್ಲ ಒಂದು ಗುಡಿಯಲ್ಲಿ ಪೀಠದ ಸಾಲು ಪೂರ್ತಿಯಾಗಿ ಸಿಮೆಂಟಿನೊಳಗೆ ಹೋಯಿತು. ಕೆಲಸ ಮಾಡಿಸಿದವರ ಹೆಸರು ಅಮೃತಶಿಲೆಯ ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿ ಬಂತು. 'ಇಸು' ಪ್ರತ್ಯಯ ಇನ್ನೂ ಜೀವಂತವಾಗಿದೆ.

ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿ ಜಕಣಾಚಾರಿಯ ಹೆಸರಿನದು. ಇರಲಿ, ಕಥೆಗೂ ಗೌರವ ಬೇಕು. ಆದರೆ ಗುಡಿಗೆ ಹೋದವರು ಬರುವಾಗ ಒಮ್ಮೆ ಬಗ್ಗಿ ಬುಡವನ್ನು ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಬೆಳಗಿನ ಇಲ್ಲವೆ ಸಂಜೆಯ ಓರೆಬಿಸಿಲು ಒಳ್ಳೆಯದು. ನಡುಹಗಲಿನಲ್ಲಿ ಅಕ್ಷರ ಕಾಣುವುದಿಲ್ಲ. ಕಂಡರೆ ಅದರ ಮೇಲೆ ಸೀಮೆಸುಣ್ಣ ತಿಕ್ಕಬೇಡಿ. ಚಿತ್ರ ತೆಗೆದು, ಎಲ್ಲಿ ಎಂಬುದನ್ನು ಬರೆದಿಟ್ಟು, ಬಲ್ಲವರಿಗೆ ತೋರಿಸಿ. ಉದ್ದವಾದ ಬಿರುದುಗಳನ್ನೇ ನಿರೀಕ್ಷಿಸಬೇಕಾಗಿಲ್ಲ. ಸೋಮನಾಥಪುರದಲ್ಲಿ ನಲವತ್ತು ಮೂರ್ತಿಗಳನ್ನು ಕಡೆದವನು ಕೆಲವು ಕಡೆ 'ಮಲ್ಲಿತಮ್ಮ' ಎಂದು ಬರೆದ, ಕೆಲವು ಕಡೆ 'ಮಲ್ಲಿ' ಎಂದ, ಇನ್ನು ಕೆಲವು ಕಡೆ ಬರಿಯ 'ಮ' ಎಂದು ಕೊರೆದು ಮುಂದಿನ ಕಲ್ಲಿಗೆ ಹೋದ.